ನೀಲವ್ವನ ಉಡಿ ತುಂಬಿದ ವರ್ಷ

ಹೋದ ಶ್ರಾವಣದಲ್ಲಿ ಮೇಲಿನ ಮನೆಯವರ ಮೊಮ್ಮಗಳು ದೊಡ್ಡವಳಾದಳೆಂದು ಆರತಿಗೆ ಕರೆದಿದ್ದರು. ಬಾಗಲಕೋಟೆಯ ನವನಗರದಲ್ಲಿ ಈಗ ಇಂಥದ್ದನ್ನೆಲ್ಲ ಸಣ್ಣದಾಗಿ ಮುಗಿಸುತ್ತಾರೆ, ಹುಡುಗಿಗೆ ಎಂಬರಾಸ್ ಆಗಬಾರದು ಅಂತ. ಸೋಫಾದ ಮೇಲೆ ಕೂಡಿಸಿ, ಹಸಿರು ಸೀರೆ ಹೊದಿಸಿ, ಮೊಬೈಲಿನಲ್ಲಿ ಒಂದಿಷ್ಟು ಫೋಟೋ ತೆಗೆದರು. ನಾನು ಮೊಣಕಾಲಿನ ನೆಪ ಹೇಳಿ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ. ಯಾರೋ ಒಣಕೊಬ್ಬರಿ ಬಟ್ಟಲು, ಬೆಲ್ಲ, ಅದರ ಕೆಳಗೆ ಮಡಿಚಿದ ಹೊಸ ಕುಪ್ಪಸದ ಖಣ ಇಟ್ಟ ತಟ್ಟೆಯನ್ನು ನನ್ನ ಮುಂದಿನಿಂದ ಹಾಯಿಸಿಕೊಂಡು ಹೋದರು. ಕೊಬ್ಬರಿ, ಬೆಲ್ಲ, ಖಣಕ್ಕೆ ಹಾಕಿದ ಗಂಜಿ, ಈ ಮೂರರ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ಗುಳೇದಗುಡ್ಡದ ಒಂದು ಓಣಿ ಕಣ್ಣ ಮುಂದೆ ಬಂದು ನಿಂತಿತು. ಪಕ್ಕದಾಕೆ, "ಯಾಕ್ರಿ ಆಂಟಿ, ಕಣ್ಣಾಗ ನೀರು?" ಅಂದಳು.

"ಕ್ಯಾಟರ್ಯಾಕ್ಟ್ ನೋಡವ್ವ" ಅಂದೆ.

ಬಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ತಾನೇ ಒಂದು ಜಿಲ್ಲೆಯಾಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ನಾನು ಗುಳೇದಗುಡ್ಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್. ನಿವೃತ್ತಿ ಹತ್ತಿರ ಬಂದಿತ್ತು. ಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ, ಅದರ ಬಗ್ಗೆ ದೂರೂ ಇರಲಿಲ್ಲ. ಕಲಿತದ್ದು ಧಾರವಾಡದ ಕಾನ್ವೆಂಟಿನಲ್ಲಿ. ಬೆನ್ನು ನೆಟ್ಟಗಿಟ್ಟು ಕೂಡುವುದನ್ನೂ ಇನ್ನೊಬ್ಬರ ಮೈ ಬಗ್ಗೆ ಮಾತಾಡದೇ ಇರುವುದನ್ನೂ ಸಿಸ್ಟರ್‌ಗಳು ನಮಗೆ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಬಾಡಿ ಎಂಬ ಶಬ್ದ ನಮ್ಮ ಬಾಯಿಂದ ಬಯಾಲಜಿ ಪೀರಿಯಡ್ಡಿನ ಹೊರಗೆ ಬರುತ್ತಿರಲಿಲ್ಲ. ಅಂಥವಳು ಆ ಮಳೆಗಾಲವೆಲ್ಲ ಒಂದು ಹುಡುಗಿಯ ಮೈ ಬಗ್ಗೆಯೇ ಮಾತಾಡಿದೆ. ಗಂಡಸರ ಮುಂದೆ ಕೂತು ಮಾತಾಡಿದೆ.

ಮಳೆಗಾಲ ಅಂತ ಹೆಸರಿಗೆ ಅನ್ನಬೇಕು. ಮೋಡಗಳು ಗುಡ್ಡದ ಕೆಂಪು ಬಂಡೆಗಳ ಮೇಲೆ ಬಂದು ನಿಂತು, ಊರನ್ನು ಒಮ್ಮೆ ನೋಡಿ, ಮುಂದೆ ಹೋಗಿಬಿಡುತ್ತಿದ್ದವು. ಬರುತ್ತಿದ್ದದ್ದು ಗಾಳಿಯೊಂದೇ. ಕ್ಲಾಸಿನ ಕಿಟಕಿ ಹಾಕಿದರೆ ಸೆಖೆ, ತೆಗೆದರೆ ಧೂಳು, ಧೂಳಿನ ಜೊತೆ ಮನೆಮನೆಯ ಮಗ್ಗಗಳ ಸಪ್ಪಳ. ಆ ಸಪ್ಪಳದ ಮೇಲೆ ದನಿ ಎತ್ತಿ ಪಾಠ ಮಾಡಿ ಮಾಡಿ ನಮ್ಮ ಶಿಕ್ಷಕಿಯರೆಲ್ಲ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು.

ನೀಲವ್ವ ಹತ್ತನೇ ತರಗತಿಯಲ್ಲಿದ್ದಳು. ತಂದೆ ತೀರಿಕೊಂಡಿದ್ದ. ತಾಯಿ ಗುರವ್ವ ನೆಲ ತೋಡಿ ಹೂಡಿದ ಮನೆಯ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದಳು. ಗುರವ್ವನ ತಮ್ಮ ಬಸವರಾಜ ಅವರಿಗೆ ನೂಲು ತಂದುಕೊಟ್ಟು, ನೇಯ್ದದ್ದನ್ನು ವ್ಯಾಪಾರಿಗೆ ಮುಟ್ಟಿಸಿ ಬರುತ್ತಿದ್ದ. ಆ ಮನೆ ನಡೆಯುತ್ತಿದ್ದದ್ದೇ ಅವನ ಸೈಕಲ್ಲಿನ ಮೇಲೆ. ನೀಲವ್ವ ಎತ್ತರದ ಹುಡುಗಿ, ಮೂಳೆ ಗಟ್ಟಿ. ಹಿಂದಿನ ವರ್ಷದಿಂದ ದನಿ ಒಡೆದಿತ್ತು. ಪ್ರಾರ್ಥನೆಯಲ್ಲಿ ಅವಳು ಬಾಯಿ ಮಾತ್ರ ಆಡಿಸುತ್ತಾಳೆ ಎಂದು ನನಗೆ ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಮಾತಾಡಬೇಕಾದರೆ ಪಿಸುಗುಟ್ಟುತ್ತಿದ್ದಳು. ಓಡುವಾಗ ಮಾತ್ರ ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ.

"ಬಾಯಾರ, ಈಕಿ ಓಡೂದಿಲ್ರಿ. ಈಕಿ ನಿಂತಿರ್ತಾಳ, ನೆಲಾನ ಹಿಂದಕ್ಕ ಹೋಗ್ತೈತಿ" ಎನ್ನುತ್ತಿದ್ದರು ನಮ್ಮ ಪಿ.ಟಿ. ಮಾಸ್ತರ ಹುಸೇನಸಾಬರು. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಾರು ಅನ್ನುವುದು ರೂಢಿ. ಹುಸೇನಸಾಬರು ನನ್ನನ್ನು ಹಾಗೆ ಕರೆದಾಗ ಮಾತ್ರ ಅದರಲ್ಲಿ ಅರ್ಧ ಗೌರವ, ಅರ್ಧ ಅರ್ಜಿ ಇರುತ್ತಿತ್ತು. ಆ ವರ್ಷ ಅವರ ಅರ್ಜಿ ಒಂದೇ. ಜಿಲ್ಲಾ ಕ್ರೀಡಾಕೂಟದಲ್ಲಿ ಎಂಟುನೂರು ಮೀಟರ್ ಗೆದ್ದ ಹುಡುಗಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೆ. ಊಟ, ವಸತಿ, ಕಾಲೇಜು ಮುಗಿಯುವ ತನಕ ಓದು. ಇಡೀ ಜಿಲ್ಲೆಗೆ ಒಂದೇ ಸೀಟು. ನೀಲವ್ವನಿಗೆ ಅದು ಸಿಕ್ಕರೆ ಕುಣಿಮಗ್ಗದ ಕುಣಿಯಿಂದ ಮೇಲೆ ಬಂದ ಹಾಗೆ.

ಬದಾಮಿಯಲ್ಲಿ ತಾಲ್ಲೂಕು ಮಟ್ಟದ ಓಟ ನಡೆಯಿತು. ನೀಲವ್ವ ಮೊದಲು ಬಂದಳು, ಪಟ್ಟದಕಲ್ಲಿನ ಶಾಂತಾ ಎಂಬ ಹುಡುಗಿ ಎರಡನೆಯವಳು. ನಡುವೆ ಭಾಳ ಅಂತರವಿತ್ತು. ನಮ್ಮ ಹುಡುಗಿಯರು ಕೇಕೆ ಹಾಕುತ್ತಿರುವಾಗ ಬೇರೆ ಶಾಲೆಯ ಒಬ್ಬರು ಲೇಡಿ ಟೀಚರು ನನಗೆ ಕೇಳಲಿ ಎಂದೇ ಅಂದರು: "ಈ ಕುದರಿ ಹುಡುಗರ ಲಾಯದಾಗಿಂದು. ತಪ್ಪಿ ಇಲ್ಲಿ ಬಂದೈತಿ."

ನೀಲವ್ವ ಕೇಳದ ಹಾಗೆ ಬೂಟಿಲ್ಲದ ಕಾಲಿನ ಧೂಳು ಝಾಡಿಸಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಓಢಣಿಯನ್ನು ಮೇಲ್ದುಟಿಯ ಮೇಲೆ ಎಳೆದುಕೊಂಡು ಕೂತವಳು ಗುಳೇದಗುಡ್ಡ ಬರುವತನಕ ತೆಗೆಯಲಿಲ್ಲ.

ಮುಂದಿನ ವಾರ ಶಾಂತಾಳ ತಂದೆ ಹನಮಂತಪ್ಪ ಶಾಲೆಗೆ ಬಂದ. ಪಟ್ಟದಕಲ್ಲಿನಲ್ಲಿ ಗುಡಿ ನೋಡಲು ಬರುವವರಿಗೆ ಚಹಾ ಮಾರುವವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕೂಡ್ರಿ ಅಂದರೂ ಕೂಡಲಿಲ್ಲ.

"ಬಾಯಾರ, ನಾ ಜಗಳಕ್ಕ ಬಂದಿಲ್ರಿ. ನನ್ನ ಮಗಳು ಸಣ್ಣಾಕಿ ಇದ್ದಾಗಿಂದ ಮಲಪ್ರಭಾ ದಂಡಿ ಉಸುಕಿನಾಗ ಓಡ್ತಾಳ್ರಿ. ನಸುಕಿನ್ಯಾಗ ಎದ್ದು ನಾ ಒಲಿ ಹಚ್ಚೂದು, ಆಕಿ ಓಡೂದು. ನಿಮ್ಮ ಹುಡುಗಿ ದನಿ ಕೇಳಿನ್ರಿ ನಾ. ನಂದೂ ಹಂಗ ಐತಿ."

"ಹನಮಂತಪ್ಪ, ಆಕಿ ಹುಡುಗಿ. ಎಂಟನೇತ್ತಾದಿಂದ ನನ್ನ ಕಣ್ಣ ಮುಂದ ಬೆಳದಾಳ."

"ಇರಲ್ರಿ. ಹುಡುಗೀನ ಇರಲಿ. ನನ್ನ ಮಗಳೂ ಹುಡುಗೀನ ಅಲ್ರಿ? ಆಕಿ ಪರವಾಗಿ ಯಾರರೆ ಒಬ್ಬರು ಮಾತಾಡಬೇಕಲ್ರಿ." ಅವನ ದನಿ ಏರಲಿಲ್ಲ. "ನೀವು ಓದಿದಾರು, ನೀವ ಹೇಳ್ರಿ. ಹುಡುಗ್ಯಾರಿಗಂತ ಬ್ಯಾರೆ ಓಟ ಯಾಕ ಇಟ್ಟಾರ? ಎಲ್ಲಾರೂ ಕೂಡೇ ಓಡಿದ್ರ ನನ್ನ ಮಗಳಂಥಾಕಿ ಕಣ್ಣಿಗೇ ಬೀಳೂದಿಲ್ಲಂತ ಇಟ್ಟಾರಲ್ರಿ?"

ಹಿ ಹ್ಯಾಡ್ ಎ ಪಾಯಿಂಟ್. ಜವಾನನಿಗೆ ಚಹಾ ತರಲು ಹೇಳಿದೆ. ಹನಮಂತಪ್ಪ ನಿಂತೇ ಕುಡಿದು, ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಶುಂಠಿ ಕಮ್ಮಿ ಆಗೇತ್ರಿ" ಎಂದು ಹೇಳಿ ಹೋದ.

ಕ್ರೀಡಾ ಸಮಿತಿಗೂ ಅವನು ಹೋಗಿದ್ದನೆಂದು ಕಾಣುತ್ತದೆ. ಕೆಲವೇ ದಿನಗಳಲ್ಲಿ ಹುಸೇನಸಾಬರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ಏನು ಮಾಸ್ತರ?"

"ಹೆಂಗ ಹೇಳ್ಲಿ ಬಾಯಾರ. ನಮ್ಮ ಮನಿಯಾಕಿನ್ನ ಕರ್ಕೊಂಡು ಬರ್ತೇನಿ, ಆಕೀನ ಹೇಳಲಿ ಬೇಕಾರ."

ಕೊನೆಗೆ ಗೋಡೆಯ ಮೇಲಿನ ಇಂಡಿಯಾ ಮ್ಯಾಪಿಗೆ ಹೇಳಿದ ಹಾಗೆ ಹೇಳಿದರು. ಸಮಿತಿಯ ಹಿರಿಯರು, ಡಾಕ್ಟರೂ ಬೇಡ, ಪರೀಕ್ಷೆಯೂ ಬೇಡ ಅಂದರಂತೆ. ಬಡವರ ಹುಡುಗಿಯ ಮಾನ ಹರಾಜಿಗಿಡುವುದು ಬೇಡ. ಹುಡುಗಿ ದೊಡ್ಡವಳಾಗಿದ್ದಾಳೋ ಇಲ್ಲವೋ, ಓಣಿಯವರು ಅದನ್ನು ಬಲ್ಲರೋ ಇಲ್ಲವೋ, ಅಷ್ಟು ಹೆಡ್‌ಬಾಯಾರು ಹೇಳಿಬಿಟ್ಟರೆ ಸಾಕು. ನಮ್ಮ ಕಡೆ ಒಂದು ಹುಡುಗಿ ದೊಡ್ಡವಳಾದಳೆಂದರೆ ಕೂಡಿಸಿ ಆರತಿ ಮಾಡುತ್ತಾರೆ, ಉಡಿ ತುಂಬುತ್ತಾರೆ. ಓಣಿಗೆ ಓಣಿಯೇ ಸಾಕ್ಷಿ. ಅದಕ್ಕಿಂತ ಗಟ್ಟಿ ಪುರಾವೆ ಯಾವುದಿದೆ ಎಂದು ಆ ಹಿರಿಯರಿಗೆ ಅನ್ನಿಸಿರಬೇಕು. ಮರ್ಯಾದೆಯ ದಾರಿ ಹುಡುಕಿದ್ದಾರೆ ಎಂದು ನನಗೂ ಅನ್ನಿಸಿತು.

ಸಂಜೆ ಗುರವ್ವನ ಮನೆಗೆ ಹೋದೆ. ಅವಳು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ನಾನು ಕೇಳಿದೆ. ಮಗ್ಗ ನಿಂತಿತು. ಕುಣಿಯೊಳಗೆ ಅವಳ ಕಾಲು ಮಾತ್ರ ಒಮ್ಮೆ ಪಾವಡಿ ತುಳಿದು ಸುಮ್ಮನಾಯಿತು.

"ಸ್ವಲ್ಪ ದಿನ ತಡೀರಿ ಬಾಯಾರ" ಅಂದಳು. "ಅಂಥಾ ಸುದ್ದಿ ನಾವಾಗೇ ಹೇಳಿ ಕಳಸ್ತೇವಿ."

ವಾರ ಕಳೆಯುವುದರೊಳಗೆ ಕರೆ ಬಂತು. ನೀಲವ್ವನನ್ನು ಕೂಡಿಸಿದ್ದಾರೆ, ಆರತಿಗೆ ಬರಬೇಕು.

ನಾನು ಎಷ್ಟು ಹಗುರಾಗಿ ಹೋದೆ! ಪಡಸಾಲೆಯಲ್ಲಿ ಬಸವರಾಜ ಬೇವಿನ ತೊಪ್ಪಲಿನ ಗುಡಿಸಲು ಕಟ್ಟಿದ್ದ. ಅದು ಸೋದರಮಾವ ಕಟ್ಟಬೇಕಾದದ್ದು. ಒಳಗೆ ಹಸಿರು ಇಳಕಲ್ಲ ಸೀರೆಯಲ್ಲಿ ನೀಲವ್ವ, ಮೈಮೇಲೆ ತಾಯಿಯೇ ನೇಯ್ದ ಖಣದ ಕುಪ್ಪಸ. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಕೊಬ್ಬರಿಯ ಮೇಲೆ ಬೆಲ್ಲ, ಬೆಲ್ಲದ ಮೇಲೆ ತುಪ್ಪ, ಅದರ ಮೇಲೆ ಮಾತು.

"ಏ ನೀಲವ್ವ, ಒಂದ ಮಾತಾಡವ್ವ. ಕೊಬ್ಬರಿ ನುಂಗಿ ಗಂಟಲ ಮುಚ್ಚೇತೇನು?" ಅಂದಳು ಎದುರುಮನೆಯ ಮುದುಕಿ ಸಂಗವ್ವ.

"ಮಾವನ ಹೆಸರು ಹೇಳಂತ ಕೇಳು, ತಾನ ಬಾಯಿ ತೆರೀತಾಳ."

"ಅವನ ಹೆಸರು ಹೇಳಿದ್ರ ಸಾಕೇನು? ಸೈಕಲ್ಲಿನ ಹಿಂದ ಕೂಡಾಕ ಬರ್ತೈತೇನು ಕೇಳು! ಈಕಿ ಕಾಲು ನೆಲಕ್ಕ ಹತ್ತತಾವ."

ಎಲ್ಲರೂ ನಕ್ಕರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಬಸವರಾಜನೂ ನಾಚಿ ಬೇರೆ ಕಡೆ ನೋಡಿದ. ಗುರವ್ವ ಮಾತ್ರ, "ಆಕಿಗೆ ಗಂಟಲ ಕಟ್ಟೇತಿ, ಕಾಡಬ್ಯಾಡ್ರವ್ವ" ಎಂದು ಎಲ್ಲರ ಮಾತಿನ ಮೇಲೂ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಉಡಿ ತುಂಬುವಾಗ ಸೆರಗಿನ ಕೆಳಗೆ ನೀಲವ್ವನ ಕೈ ನನ್ನ ಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಹುಡುಗಿ ನಾಚಿದ್ದಾಳೆ ಅಂದುಕೊಂಡೆ. ಮರುದಿನ ಸಮಿತಿಯವರಿಗೆ ಹೇಳಿ ಕಳಿಸಿದೆ: ಹೌದು, ಓಣಿಯೆಲ್ಲ ಬಲ್ಲದು.

ಗಣಪತಿ ಹೋದ ಮೇಲಿನ ಒಂದು ರವಿವಾರ ನೀಲವ್ವ ನನ್ನ ಮನೆಗೆ ಬಂದಳು. ಬಾಗಿಲು ಮುಚ್ಚಿ, ಮೊದಲ ಸಲ ತನ್ನ ಪೂರ್ತಿ ದನಿಯಲ್ಲಿ ಮಾತಾಡಿದಳು.

"ಬಾಯಾರ, ಮಾವ ವೀಳ್ಯಾ ತಂದಾನ್ರಿ. ಪರೀಕ್ಷಾ ಮುಗದ ಮ್ಯಾಲ ಮದವಿ ಅಂತ."

ನನಗೆ ಸಿಟ್ಟು ಬಂತು. "ಹದಿನೆಂಟು ತುಂಬದ ಹುಡುಗಿಗೆ ಮದುವೀನಾ? ಐ ವಿಲ್ ಟಾಕ್ ಟು ಹಿಮ್. ಕಾನೂನು ಐತಿ."

"ಕಾನೂನಿಂದಲ್ರಿ ಬಾಯಾರ ತ್ರಾಸ. ನಾ ದೊಡ್ಡಾಕಿ ಆಗೇ ಇಲ್ರಿ." ಅವಳು ಅಳುತ್ತಿರಲಿಲ್ಲ. "ಮೊದಲ ಹುಡುಗೀನ ಅಲ್ಲಂದ್ರು. ಹೌದಂತ ತೋರ್ಸಾಕ ಅವ್ವ ನನ್ನ ಕೂಡ್ರಿಸಿದ್ಲು. ಈಗ ಕೂಡ್ರಿಸಿದ ಮ್ಯಾಲ ಮದವಿಗೆ ಬಂದಾಳ ಅಂತಾರ. ಮಾವ ಕೆಟ್ಟಾಂವಲ್ರಿ. ಗುಡಿಸಲಾ ಕಟ್ಟ್ಯಾನ, ಅವಂದ ಹಕ್ಕು. ನಾ ಏನಂತ ಹೋಗಲ್ರಿ ಅವನ ಮನಿಗೆ?"

ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆರತಿಯ ದಿನದ ಚೇಷ್ಟೆಯಲ್ಲೇ ಅದೆಲ್ಲ ಇತ್ತು, ಎಲ್ಲರಿಗೂ ಕೇಳಿಸಿತ್ತು. ಓಟದ ಗೆರೆಯ ತನಕ ಮಗಳನ್ನು ಮುಟ್ಟಿಸಲೆಂದು ಗುರವ್ವ ತೆರೆದ ಬಾಗಿಲಿನಿಂದ ಮದುವೆ ಒಳಗೆ ಬಂದಿತ್ತು.

ಆ ವಾರವೇ ಗುರವ್ವನನ್ನೂ ಕರೆದುಕೊಂಡು ಮೂವರೂ ಬಾಗಲಕೋಟೆಗೆ ಹೋದೆವು, ನನ್ನ ಪರಿಚಯದ ಲೇಡಿ ಡಾಕ್ಟರ ಬಳಿಗೆ. ಗುರವ್ವ ಬಸ್ಸಿನಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡು ಕೂತಳು. ಆಗ ಹಳೇ ಊರಿನೊಳಗೆ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ಕಾಲ. ಓಣಿಯ ತುದಿಯಲ್ಲಿ ಎಲ್ಲಿ ನೋಡಿದರೂ ನೀರು ಬಂದು ಕೂತ ಹಾಗೆ ಕಾಣುತ್ತಿತ್ತು. ಡಾಕ್ಟರೂ ನವನಗರಕ್ಕೆ ಹೋಗಲು ಅರ್ಧ ಸಾಮಾನು ಕಟ್ಟಿಟ್ಟಿದ್ದರು. ಸ್ಕ್ಯಾನ್ ಮಾಡಿ, ಕೈ ತೊಳೆದು ಬಂದು, ನೀಲವ್ವನ ಎದುರಿಗೇ ಕೂತರು. ನನಗಾಗಲಿ ಗುರವ್ವನಿಗಾಗಲಿ ಅವರು ಹೇಳಲಿಲ್ಲ, ಅವಳಿಗೇ ಹೇಳಿದರು.

"ನೋಡವ್ವ, ತಾಯಿ ಹೊಟ್ಟಿಯೊಳಗ ಎಲ್ಲಾ ಕೂಸೂ ಮೊದಲ ಒಂದೇ ನಮೂನಿ ಇರ್ತಾವ. ಆಮ್ಯಾಲ ದಾರಿ ಒಡೀತಾವ. ನಿನ್ನ ಮೈ ಒಳಗ ಒಂದು ದಾರಿ ಹಿಡದೈತಿ, ಹೊರಗ ಒಂದು. ನಿನಗ ಗರ್ಭಚೀಲ ಇಲ್ಲ. ಒಳಗ ಇರೂದು ಗಂಡುಮಕ್ಕಳಿಗೆ ಇರೂ ಗ್ರಂಥಿ. ಅದಕ್ಕ ದನಿ ಒಡದೈತಿ. ಮುಟ್ಟು ಬಂದಿಲ್ಲ, ಬರೂದೂ ಇಲ್ಲ."

ಗುರವ್ವ ಕೈ ಮುಗಿದಳು. "ದವಾ ಕೊಡ್ರಿ ಡಾಕ್ಟರ ಬಾಯಿ. ಬನಶಂಕರಿಗೆ ಬೇಡಿಕೊಂಡೇನ್ರಿ. ಉಡಿ ತುಂಬಿದ್ರ ಆ ತಾಯಿ ಕಣ್ಣ ತೆರದಾಳು, ಎಲ್ಲಾ ಆದೀತು ಅಂತ ತಿಳದಿದ್ದೆ."

ಗುರವ್ವ ಸುಳ್ಳು ಹೇಳಿರಲಿಲ್ಲ, ಮುಂಗಡ ಹೇಳಿದ್ದಳು ಎಂದು ನನಗೆ ಆಗ ತಿಳಿಯಿತು.

"ಇದು ಬ್ಯಾನಿ ಅಲ್ಲವ್ವ ದವಾ ಕೊಡಾಕ. ಹಿಂಗ ಹುಟ್ಟಿದಾರು ಇರ್ತಾರ" ಅಂದರು ಡಾಕ್ಟರು.

ನೀಲವ್ವ ತನ್ನ ಪಾದಗಳನ್ನು ನೋಡಿಕೊಂಡಳು. "ಕಾಲಿಗೆ ಜೋರು ಬಂದದ್ದೂ ಅದರಿಂದನ ಏನ್ರಿ?"

"ಸ್ವಲ್ಪ ಅದರಿಂದ ಇದ್ದೀತು. ಎಷ್ಟು ಅಂತ ತೂಗಿ ಹೇಳೂ ವಿದ್ಯಾ ನನ್ನ ಹತ್ರ ಇಲ್ಲ."

"ಹಂಗಾರ ನಾ ಹುಡುಗ ಏನ್ರಿ?"

"ನಿನಗ ಏನನಸ್ತೈತಿ?"

ಪ್ರಶ್ನೆಯೇ ವಿಚಿತ್ರ ಅನ್ನುವ ಹಾಗೆ ನೀಲವ್ವ ಅವರ ಮುಖ ನೋಡಿದಳು. "ನನಗೇನನಸೂದ್ರಿ? ನಾ ನೀಲವ್ವ. ಅವ್ವನ ಮಗಳು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ನಿನ್ನಿಂದ ಯಾರೂ ಕಸಗೊಳ್ಳಾಕ ಬರೂದಿಲ್ಲ. ಓಟದ್ದು ಬ್ಯಾರೆ ಮಾತು. ಅದನ್ನ ನಾ ಹೇಳಾಕ ಬರಂಗಿಲ್ಲ."

ಓಟದ ಮಾತನ್ನು ಯಾರು ಹೇಳಬೇಕು? ನೀಲವ್ವನ ಅಪ್ಪಣೆ ಪಡೆದು ಹುಸೇನಸಾಬರಿಗೆ ವಿಷಯ ತಿಳಿಸಿ, ಇನ್ನು ಓಡಿಸುವುದು ಸರಿಯೇ ಎಂದು ಕೇಳಿದೆ. ಅವರು ಅಂದು ನನ್ನ ಮೇಲೆ ಮೊದಲ ಸಲ ರೇಗಿದರು.

"ಆಕಿ ಓಡಬೇಕ್ರಿ. ದೇವರು ಕೊಟ್ಟ ಕಾಲು. ಎತ್ತರ ಇದ್ದಾಕಿ ಉದ್ದ ಜಿಗೀತಾಳ, ಆಕಿನ್ನ ಬ್ಯಾಡ ಅಂತೀವೇನು? ಮನ್ಯಾಗ ಹಾಲು ತುಪ್ಪ ಉಂಡಾಕಿ, ಗಂಜಿ ಕುಡದಾಕಿ ಒಂದೇ ಗೆರಿ ಮ್ಯಾಲ ನಿಂದರೂದಿಲ್ಲೇನು?"

"ಹಂಗಾರ ಹುಡುಗ್ಯಾರಿಗೆ ಬ್ಯಾರೆ ಗೆರಿ ಯಾಕ ಮಾಸ್ತರ?" ಹನಮಂತಪ್ಪನ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. ಅವರು ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟುಕೊಂಡರು. ಫೇರ್ ಪ್ಲೇ ಎಂದು ಕಾನ್ವೆಂಟಿನ ನೆಟ್‌ಬಾಲ್ ಅಂಗಳದಲ್ಲಿ ಕಲಿತಿದ್ದೆ. ಅದು ಎರಡು ಕಡೆಯಿಂದಲೂ ಸೆರಗು ಹಿಡಿದು ಎಳೆಯುತ್ತದೆಂದು ಯಾವ ಸಿಸ್ಟರೂ ಹೇಳಿರಲಿಲ್ಲ.

ಶಾಂತಾಳನ್ನು ಕಾಣಬೇಕು ಎಂದವಳು ನೀಲವ್ವನೇ. ಬದಾಮಿಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲಿನ ಬಸ್ಸು ಹಿಡಿದೆವು. ಹನಮಂತಪ್ಪ ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಹುಡುಗಿಯರಿಬ್ಬರೂ ಹೊಳೆಯ ಕಡೆ ನಡೆದರು. ನಾನು ಹಿಂದೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಗಾಳಿ ನನ್ನ ಕಡೆಗೇ ಇತ್ತು, ಎಲ್ಲ ಕೇಳಿಸಿತು.

ನೀಲವ್ವ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಶಾಂತಾ ಸಣ್ಣ ಮೈಯ, ಚೂಪು ಮುಖದ ಹುಡುಗಿ. ಕೇಳಿ ಮುಗಿಸಿದವಳಿಗೆ ಕೆಂಡದಂಥ ಸಿಟ್ಟು.

"ಇದನ್ನ ನನಗ ಯಾಕ ಹೇಳಿದಿ?"

"ಓಡೂದು ನಿನ್ನ ಜೋಡಿ ಅಲ್ಲೇನು?"

"ಹೇಳಿ ನನ್ನ ತಲಿ ಮ್ಯಾಲ ಹೊರಸ್ತಿ? ನಾ ಓಡು ಅಂದ್ರ ನನ್ನ ಸೀಟು ಹೋತು. ಓಡಬ್ಯಾಡ ಅಂದ್ರ ನಾ ಪಾಪಿಷ್ಠಿ. ಭಾಳ ಶ್ಯಾಣ್ಯಾಕಿ ಅದಿ ಬಿಡು ನೀ."

"ನಾ ಕೇಳಾಕ ಬಂದಿಲ್ಲ. ಹೇಳಾಕ ಬಂದೇನಿ. ಮಂದಿ ಬಾಯಿಂದ ನಿನಗ ಗೊತ್ತಾಗೂದು ಬ್ಯಾಡಂತ."

ಶಾಂತಾ ಉಸುಕಿನಲ್ಲಿ ಹಿಮ್ಮಡಿಯಿಂದ ಒಂದು ಕುಳಿ ತೋಡಿದಳು, ಮತ್ತೆ ಮುಚ್ಚಿದಳು. "ನೀ ಓಡಿದ್ರ ನಾ ಸಾಯೂತನಾ ಎರಡನೇದಾಕೀನ. ಅದು ನನಗ ಅನ್ಯಾಯ ಅನಸ್ತೈತಿ. ಇಲ್ಲಂತ ಸುಳ್ಳ ಯಾಕ ಹೇಳ್ಲಿ?" ಅಂದಳು. ಆಮೇಲೆ ಇನ್ನಷ್ಟು ಸಿಟ್ಟಿನಿಂದ, "ಆದ್ರ ಯಾರರೆ ನಿನ್ನ ಗಂಡಸು ಅಂದ್ರ ಅವರ ಬಾಯಾಗ ಈ ಉಸುಕು ತುಂಬ್ತೇನಿ."

"ಬದಾಮ್ಯಾಗ ಕುದರಿ ಅಂದ್ಲಲ್ಲ, ಆ ಟೀಚರ ಬಾಯಾಗ ಮೊದಲ ತುಂಬು."

"ಆಕಿ ಬಾಯಿಗೆ ಇಷ್ಟು ಹೊಳಿ ಸಾಲಂಗಿಲ್ಲ."

ಇಬ್ಬರೂ ನಕ್ಕರು. ನೀಲವ್ವನ ನಗುವಿನ ದನಿಯನ್ನು ನಾನು ಅವತ್ತೇ ಕೇಳಿದ್ದು. ಹೊಳೆಯ ಆಚೆ ದಂಡೆಗೂ ಕೇಳಿಸುವಂಥ ದೊಡ್ಡ ನಗು.

ಆದರೆ ನಕ್ಕ ಮಾತ್ರಕ್ಕೆ ಯಾವುದೂ ಬಗೆಹರಿದಿರಲಿಲ್ಲ. ನೀಲವ್ವನ ಒಪ್ಪಿಗೆಯಿಂದ ನಾನು ಸಮಿತಿಯ ಹಿರಿಯರನ್ನು ಕಂಡು, ಉಡಿ ತುಂಬಿದ ಸುದ್ದಿ ನಿಜವಲ್ಲವೆಂದೂ ಡಾಕ್ಟರು ಹೀಗೆ ಹೇಳಿದ್ದಾರೆಂದೂ ತಿಳಿಸಿದೆ. ಅವಳನ್ನು ಹೇಗೆ ಓಡಿಸಬಹುದು, ನಿಮ್ಮ ನಿಯಮ ಏನನ್ನುತ್ತದೆ ಎಂದು ಕೇಳಿದೆ. ಒಳ್ಳೆಯ ಮನುಷ್ಯ. ಕಿವಿಯ ತುದಿತನಕ ಕೆಂಪಾದರು.

"ಬಾಯಾರ, ಹುಡುಗಿ ಮರ್ಯಾದಿ ಉಳೀಲಿ ಅಂತ ಅಷ್ಟ ಕೇಳಿದ್ವಿ. ಈಗ ನೀವ ಗಂಟು ಬಿಚ್ಚಿಟ್ರ ಮ್ಯಾಲಿನವರನ್ನ ಕೇಳಬೇಕಾಗ್ತೈತಿ. ಓಡಿದ್ಲು, ಗೆದ್ಲು ಅನ್ರಿ, ಹುಡುಗ್ಯಾರ ಹಾಸ್ಟೆಲ್ಲಿನ್ಯಾಗ ಇಡೂದು ಹೆಂಗ? ಉಳದ ಹುಡುಗ್ಯಾರ ತಂದಿತಾಯಿ ಕೇಳಿದ್ರ ಏನ ಹೇಳೂದು? ಇದಕ್ಕ ಉತ್ತರ ಬರೂದ್ರಾಗ ಈ ಹುಡುಗಿಗೆ ಮೊಮ್ಮಕ್ಕಳಾಗಿರ್ತಾವ" ಎಂದವರೇ ನಾಲಿಗೆ ಕಚ್ಚಿಕೊಂಡರು. ನಾನು ಎದ್ದು ಬಂದೆ.

ನೀಲವ್ವ ಎಲ್ಲವನ್ನೂ ಕೇಳಿಸಿಕೊಂಡು, "ಹುಡುಗಿ ಅದಿ ಏನು ಅಂತ ಕೇಳಿದ್ರ ಹೌದ್ರಿ ಅಂತಿದ್ದೆ. ಅವರು ಕೇಳಿದ್ದು ಅದಲ್ಲ" ಅಂದಳು. ಅಷ್ಟೇ. ಓಡುವುದಿಲ್ಲ ಎಂದು ಬೇರೆ ಹೇಳಲಿಲ್ಲ.

ಅದೇ ಸಂಜೆ ನೂಲು ತಂದ ಬಸವರಾಜನನ್ನು ಅವಳು ಕಟ್ಟೆಯ ಮೇಲೆ ತಡೆದಳು. ಕಸೂತಿ ಹಾಕುತ್ತ ಕೂತ ಹೆಂಗಸರು ಸುತ್ತಲೂ ಇದ್ದರು. ಗುರವ್ವ ಒಳಗಿನಿಂದ, "ಬ್ಯಾಡವ್ವ, ಕೈ ಮುಗೀತೇನಿ" ಎನ್ನುತ್ತಿದ್ದಳು.

"ಮಾವಾ, ನಿನ್ನ ವೀಳ್ಯಾ ನೀ ತಗೊ. ನಾ ದೊಡ್ಡಾಕಿ ಆಗಿಲ್ಲ, ಆಗೂದೂ ಇಲ್ಲ. ನನಗ ಗರ್ಭಚೀಲ ಇಲ್ಲಂತ. ಓಟಕ್ಕ ಬೇಕಾಗಿತ್ತಂತ ಅವ್ವ ಕೂಡ್ರಿಸಿದ್ಲು. ಅವ್ವನ್ನ ಬೈಬ್ಯಾಡ."

ಆ ದಪ್ಪ ದನಿ ಓಣಿಯ ಆ ತುದಿಗೆ ಮುಟ್ಟಿತು. ಬಸವರಾಜ ನೂಲಿನ ಗಂಟನ್ನು ಕೆಳಗಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಸೈಕಲ್ಲು ಹತ್ತದೆ ನೂಕಿಕೊಂಡು ಹೋದ. ಹೆಂಗಸರ ಸೂಜಿಗಳು ನಿಂತಿದ್ದವು. ಕೊನೆಗೆ ಮುದುಕಿ ಸಂಗವ್ವ, "ತುಂಬಿದ ಉಡಿ ತಿರುಗಿ ಇಸಗೊಳ್ಳೂದಿಲ್ಲವ್ವ ನಾವು. ಅಕ್ಕಿ ಉಂಡಾತು, ಕೊಬ್ಬರಿ ತಿಂದಾತು. ಹೋಗು, ಒಂದು ಚರಗಿ ನೀರು ತಾ" ಅಂದಳು. ಆದರೆ ಅವತ್ತು ಅಲ್ಲಿದ್ದ ಕೆಲವರು ಮುಂದೆ ತಮ್ಮ ಮನೆಯ ಕುಂಕುಮಕ್ಕೆ ಆ ತಾಯಿಮಗಳನ್ನು ಕರೆಯಲಿಲ್ಲ. ಬಸವರಾಜ ಮುಂದಿನ ವಾರವೂ ನೂಲು ತಂದ. ಹೊಸ್ತಿಲ ಹೊರಗಿಟ್ಟು ಹೋದ. ಅವನು ಮತ್ತೆ ಒಳಗೆ ಬಂದು ಊಟಕ್ಕೆ ಕೂತದ್ದು ಯುಗಾದಿಗೆ.

ಶಾಂತಾ ಹಾಸ್ಟೆಲ್ಲಿಗೆ ಹೋಗಿ, ಕಾಲೇಜು ಮುಗಿಸಿ, ಈಗ ಎಲ್ಲೋ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್. ನೀಲವ್ವ ಗುಳೇದಗುಡ್ಡದಲ್ಲೇ ಇದ್ದಾಳೆ. ಮಾವನಿಗೆ ವಯಸ್ಸಾದ ಮೇಲೆ ಖಣದ ವ್ಯಾಪಾರ ಅವಳದೇ. ಫೋನಿನಲ್ಲಿ ಅವಳ ದನಿ ಕೇಳಿ ಸೊಲ್ಲಾಪುರದ ವ್ಯಾಪಾರಿಗಳು ಸಾಹೇಬ್ರ ಅನ್ನುತ್ತಾರಂತೆ. "ಸಾಹೇಬ್ರಲ್ರಿ, ಅಕ್ಕಾರು. ರೇಟು ಮಾತ್ರ ಸಾಹೇಬರದ" ಎಂದು ತಿದ್ದುತ್ತಾಳಂತೆ. ಓಡಬೇಕಿತ್ತೇನು ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಈಗ ಟಿ.ವಿ.ಯಲ್ಲಿ ಇದೇ ವಿಷಯಕ್ಕೆ ದೊಡ್ಡ ದೊಡ್ಡವರು ಕೂಗಾಡುತ್ತಾರೆ. ಒಬ್ಬರು ಐಡೆಂಟಿಟಿ ಅನ್ನುತ್ತಾರೆ, ಒಬ್ಬರು ಬಯಾಲಜಿ ಅನ್ನುತ್ತಾರೆ. ನಾನು ದನಿ ಮ್ಯೂಟ್ ಮಾಡಿ ಮುಖಗಳನ್ನಷ್ಟೇ ನೋಡುತ್ತೇನೆ. ಕೆಲವು ದಿನ ಹನಮಂತಪ್ಪ ಹೇಳಿದ್ದೇ ಸರಿ ಅನ್ನಿಸುತ್ತದೆ: ಹೆಣ್ಣುಮಕ್ಕಳಿಗೆಂದು ಎಳೆದ ಗೆರೆಯನ್ನು ಯಾರಾದರೂ ಕಾಯಬೇಕಲ್ಲ. ಕೆಲವು ದಿನ ಆ ಗೆರೆಯ ಹೊರಗೆ ನಿಂತವಳು ನಮ್ಮದೇ ಹುಡುಗಿ ಎಂಬುದೊಂದೇ ಕಾಣುತ್ತದೆ. ಆ ದಸರೆಯ ಮರುವಾರ ಜಿಲ್ಲಾ ಕ್ರೀಡಾಕೂಟದ ದಿನ ನವನಗರದ ಮೈದಾನದಲ್ಲಿ ನಾನು ಕಂಡದ್ದನ್ನು ಹೇಳಿ ಮುಗಿಸುತ್ತೇನೆ. ಅದಕ್ಕಿಂತ ಹೆಚ್ಚಿನದು ನನಗೆ ತಿಳಿಯದು.

ಹಿಂದಿನ ದಿನವಷ್ಟೇ ತಡವಾದ ಮಳೆ ಬಿದ್ದು ಹೊಸ ಮೈದಾನದ ಕೆಮ್ಮಣ್ಣು ಹಸಿಯಾಗಿತ್ತು. ನೀಲವ್ವ ಬಂದಿದ್ದಳು. ಓಟ ಶುರುವಾಗುವ ಮೊದಲು ಶಾಂತಾ ತನ್ನ ಚಪ್ಪಲಿ ತೆಗೆದು ಅವಳ ಕೈಗೆ ಕೊಟ್ಟಳು. ಅವಳು ಹಿಡಿದುಕೊಂಡು ನಿಂತಳು. ಶಾಂತಾ ಗೆದ್ದಳು. ಯಾರ ಕೃಪೆಯೂ ಇಲ್ಲದೆ, ಮೈಯೆಲ್ಲ ಕೆಸರಾಗಿ, ಕೊನೆಯ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಗೆದ್ದಳು. ಹನಮಂತಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನೀಲವ್ವ ಚಪ್ಪಲಿಗಳನ್ನೇ ತಟ್ಟಿ ಚಪ್ಪಾಳೆ ಹೊಡೆದಳು.

ಸಂಜೆಗೆ ಶಾಮಿಯಾನ ಬಿಚ್ಚಿದರು, ಮಂದಿ ಕರಗಿದರು. ನಮ್ಮ ಬಸ್ಸಿಗೆ ಇನ್ನೂ ಹೊತ್ತಿತ್ತು. ನೀಲವ್ವ ಹುಸೇನಸಾಬರ ಹತ್ತಿರ ಹೋಗಿ, "ಸರ್, ಒಂದ ಸರ್ತಿ?" ಅಂದಳು. ಅವರು ತಲೆಯಾಡಿಸಿದರು. ಅವಳು ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಸುಣ್ಣದ ಗೆರೆ ಅರ್ಧ ಅಳಿಸಿಹೋದಲ್ಲಿ ಕಾಲಿಟ್ಟು, ಯಾರೂ ಸೀಟಿ ಊದದೆಯೇ ಹೊರಟಳು. ಶಾಂತಾ ಕೊರಳಿನ ಮೆಡಲ್ಲು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದಳು. ಮೊದಲ ಸುತ್ತು ಮುಗಿದಾಗ ಅವಳಿಗೆ ತಡೆಯಲಾಗಲಿಲ್ಲ, "ಕೈ ಬೀಸು, ಕೈ ಬೀಸಲೇ!" ಎಂದು ಕೂಗಿದಳು. ಎರಡನೆಯ ಸುತ್ತಿನಲ್ಲಿ ನೀಲವ್ವನ ಕಾಲಿನಿಂದ ಕೆಮ್ಮಣ್ಣು ಹಾರಿ ಅವಳದೇ ಬೆನ್ನಿಗೆ ಬೀಳುತ್ತಿತ್ತು. ನಾನು ಅಂಥ ಓಟವನ್ನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹುಸೇನಸಾಬರ ಮುಷ್ಟಿಯಲ್ಲಿ ಸ್ಟಾಪ್‌ವಾಚು ಇತ್ತು. ಹೆಬ್ಬೆರಳು ಗುಂಡಿಯ ಮೇಲೆ.

"ಎಷ್ಟಾತು ಮಾಸ್ತರ?" ಅಂದೆ.

ಅವರು ಮುಷ್ಟಿ ಬಿಚ್ಚಿ ತೋರಿಸಿದರು. ಮುಳ್ಳು ಕದಲಿರಲಿಲ್ಲ.

"ಒತ್ತಿಲ್ರಿ ಬಾಯಾರ" ಅಂದರು. "ಒತ್ತಿದ್ರ ಇಬ್ಬರೊಳಗ ಒಬ್ಬಾಕಿ ಸೋಲ್ತಿದ್ಲು."